ಸ್ಟೆಂಟ್ ಹಾಕಿದ ಮೇಲೂ ಎದೆನೋವು: ಮಾತ್ರೆ ಬಿಡುವುದು ಪರಿಹಾರವಲ್ಲ

"ಡಾಕ್ಟರ್ ಸಾಬ್, ಸ್ಪ್ರಿಂಗ್ ಹಾಕ್ಯಾರ, ಬ್ಲಾಕ್ ತೆಗ್ದಾರ, ಮತ್ಯಾಕ ಎದಿ ನೋಯ್ತದ?" ಕಕ್ಕೇರಾದ ದವಾಖಾನೆಯಲ್ಲಿ ನಾನು ಪದೇ ಪದೇ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು: "ಇಂಗ್ಲಿಷ್ ಮಾತ್ರಿ ಬಿಟ್ಟು ಯುನಾನಿ ಶುರು ಮಾಡ್ಲಾ?" ಎರಡಕ್ಕೂ ಉತ್ತರ ತಿಳಿದಿರುವುದು ಪ್ರತಿ ಮನೆಗೂ ಒಳ್ಳೆಯದು.

ಬಲೂನಿನಿಂದ ಹೃದಯದ ರಕ್ತನಾಳ ತೆರೆಯುವ ಚಿಕಿತ್ಸೆ 1977ರಲ್ಲಿ ಝೂರಿಚ್‌ನಲ್ಲಿ ಆರಂಭವಾಯಿತು. ತೆರೆದ ನಾಳ ಮತ್ತೆ ಮುಚ್ಚಿಕೊಳ್ಳುತ್ತಿದ್ದುದರಿಂದ 1986ರಲ್ಲಿ ಸ್ಟೆಂಟ್ ಬಂತು, ನಂತರ ಔಷಧಿ ಲೇಪಿಸಿದ ಸ್ಟೆಂಟ್ ಬಂತು. ಆದರೆ ಸ್ಟೆಂಟ್ ಸರಿಪಡಿಸುವುದು ನಾಳದ ಒಂದೆರಡು ಜಾಗಗಳನ್ನು ಮಾತ್ರ. ಸಕ್ಕರೆ ಕಾಯಿಲೆ, ಬಿ.ಪಿ., ಕೊಬ್ಬು, ಬೀಡಿ, ಗುಟ್ಕಾ ಇವು ಎಲ್ಲ ನಾಳಗಳನ್ನೂ ಕೆಡಿಸುತ್ತಲೇ ಇರುತ್ತವೆ.

ಆದ್ದರಿಂದ ನೋವು ಮರಳಲು ಕಾರಣ ಹಲವು. ಸ್ಟೆಂಟಿನೊಳಗೇ ನಾಳ ಮತ್ತೆ ಕಿರಿದಾಗಬಹುದು. ಬೇರೆ ನಾಳದಲ್ಲಿ ಬ್ಲಾಕ್ ಇರಬಹುದು. ಆಂಜಿಯೋಗ್ರಾಮ್‌ನಲ್ಲಿ ಕಾಣದ ಅತಿ ಸಣ್ಣ ನಾಳಗಳ ತೊಂದರೆ, ನಾಳದ ಸೆಳೆತ ಇರಬಹುದು. ಇದು ಹೆಂಗಸರಲ್ಲಿ ಹೆಚ್ಚು. ಆಮ್ಲಪಿತ್ತ, ಪಕ್ಕೆಯ ಸ್ನಾಯುನೋವೂ ಇರಬಹುದು. ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವುದು. ವೈದ್ಯರನ್ನು ಕೇಳದೆ ರಕ್ತ ತೆಳುಗೊಳಿಸುವ ಮಾತ್ರೆ ನಿಲ್ಲಿಸಿದರೆ ಈ ಅಪಾಯ ಹೆಚ್ಚುತ್ತದೆ.

ಯುನಾನಿ ವೈದ್ಯನಾಗಿಯೇ ಸ್ಪಷ್ಟವಾಗಿ ಹೇಳುತ್ತೇನೆ: "ಈ ಮಾಜೂನ್ ತಿನ್ನಿ, ಬ್ಲಾಕ್ ಕರಗುತ್ತದೆ, ಮಾತ್ರೆ ಬಿಡಿ" ಎನ್ನುವವರನ್ನು ನಂಬಬೇಡಿ. ಹೃದಯದ ಔಷಧಿಗಳ ಬಗ್ಗೆ ಪ್ರತ್ಯೇಕ ಗ್ರಂಥವನ್ನೇ ಬರೆದ ಇಬ್ನ್ ಸೀನಾರ ಪರಂಪರೆ ನಮ್ಮದು; ಅದರ ಹೆಸರಿನಲ್ಲಿ ಜೀವದೊಂದಿಗೆ ಆಟ ಸಲ್ಲದು. ಖಮೀರಾಗಳಲ್ಲಿ ಸಕ್ಕರೆ ಹೆಚ್ಚು, ಮಧುಮೇಹಿಗಳಿಗೆ ಹಾನಿ. ಬೆಳ್ಳುಳ್ಳಿಯನ್ನು ಔಷಧಿಯಂತೆ ಹೆಚ್ಚಾಗಿ ತಿಂದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ರಕ್ತಸ್ರಾವದ ಅಪಾಯವಿದೆ. ಏನೇ ತೆಗೆದುಕೊಳ್ಳುತ್ತಿದ್ದರೂ ಇಬ್ಬರು ವೈದ್ಯರಿಗೂ ತಿಳಿಸಿ. ಮಿತ ಆಹಾರ, ನಡಿಗೆ, ನಿದ್ರೆ, ಚಿಂತೆ ತಗ್ಗಿಸುವುದು, ಇವುಗಳಲ್ಲಿ ಯುನಾನಿ ನಿಮಗೆ ನಿಜಕ್ಕೂ ನೆರವಾಗಬಲ್ಲದು.

ನಡೆದಾಗ ಬಂದು ನಿಂತಾಗ ಹೋಗುವ ನೋವನ್ನೂ ಹೃದ್ರೋಗ ತಜ್ಞರಿಗೆ ಬೇಗ ತೋರಿಸಿ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ಸುಮ್ಮನೆ ಕುಳಿತಾಗಲೂ ನೋವು ಬಂದರೆ, ಬೆವರು, ಉಸಿರಾಟದ ತೊಂದರೆ ಇದ್ದರೆ ಕುಳಿತುಕೊಳ್ಳಿ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಾಲಗೆಯಡಿ ಇಡಿ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಕಲಬುರಗಿ ನಮಗೆ ನೂರು ಕಿಲೋಮೀಟರಿಗೂ ದೂರ. ಸೋಡಾ ಕುಡಿದು "ಗ್ಯಾಸ್ ಇರಬೇಕು" ಎಂದು ಬೆಳಗಿನವರೆಗೆ ಕಾಯುವಷ್ಟು ಸಮಯ ನಮ್ಮ ಬಳಿ ಇಲ್ಲ. ತಾಯಂದಿರೇ, ಮನೆಯವರ ಊಟ ಮುಗಿಯಲಿ ಎಂದು ನಿಮ್ಮ ನೋವನ್ನು ಮುಚ್ಚಿಡಬೇಡಿ.

ರಮಝಾನ್‌ನಲ್ಲಿ ಉಪವಾಸ ಹಿಡಿಯುವ ಮೊದಲೇ ವೈದ್ಯರನ್ನು ಕೇಳಿ. ಕೆಲವರಿಗೆ ಮಾತ್ರೆಯನ್ನು ಸಹರಿ, ಇಫ್ತಾರ್‌ಗೆ ಹೊಂದಿಸಿಕೊಡಬಹುದು. ನೋವು ಹತೋಟಿಗೆ ಬಾರದವರಿಗೆ ಕುರ್‌ಆನ್ ಕೊಟ್ಟಿರುವ ವಿನಾಯಿತಿ ಇದೆ; ಅದನ್ನು ಬಳಸಿಕೊಳ್ಳಲು ಸಂಕೋಚ ಬೇಡ.

ಮಸೀದಿ ಕಮಿಟಿಗಳಿಗೊಂದು ಮಾತು. ಆಪರೇಷನ್‌ಗೆಂದರೆ ಜುಮಾ ದಿನ ಚಂದಾ ಎತ್ತುತ್ತೇವೆ. ಆದರೆ ಆ ಬಡ ಕೂಲಿಯವನು ಆರು ತಿಂಗಳ ನಂತರ ಹಣವಿಲ್ಲದೆ ಮಾತ್ರೆ ಬಿಟ್ಟರೆ ನಮಗೆ ಗೊತ್ತೇ ಆಗುವುದಿಲ್ಲ. ಝಕಾತ್‌ಗೆ ಅರ್ಹರಾದ ಹೃದ್ರೋಗಿಗಳ ಪಟ್ಟಿ ಮಾಡಿ, ಜನೌಷಧಿ ಕೇಂದ್ರದಿಂದ ಅಗ್ಗದಲ್ಲಿ ಸಿಗುವ ಮಾತ್ರೆಗಳನ್ನು ತಿಂಗಳು ತಿಂಗಳು ತಲುಪಿಸಬಾರದೇಕೆ? ಸ್ಟೆಂಟ್‌ಗೆ ಕೊಟ್ಟ ಸಾವಿರಾರು ರೂಪಾಯಿ ವ್ಯರ್ಥವಾಗದಂತೆ ಕಾಯುವುದು ಈ ಚಿಕ್ಕ ಖರ್ಚೇ. ಶರೀರ ಅಲ್ಲಾಹನ ಅಮಾನತ್. ಅದನ್ನು ಕಾಪಾಡುವ ಹೊಣೆ ರೋಗಿಯೊಬ್ಬನದೇ ಅಲ್ಲ.