ಕೊನೆಯ ತಾರೀಖಿಲ್ಲದ ‘ಕಮ್ಮಿ ಮಾಡುವಿಕೆ’

ಬಳ್ಳಾರಿ ತಾಲ್ಲೂಕಿನ ರೂಪನಗುಡಿ ಕಡೆಯ ಊರುಗಳಲ್ಲಿ ಮೆಣಸಿನಕಾಯಿ ಬಿಡಿಸಲು ಹೊರಟವರು ಮುಂಜಾನೆ ಮೊದಲು ನಿಲ್ಲುವುದು ಗೂಡಂಗಡಿಯ ಮುಂದೆ. ಒಂದು ಚೀಟಿ ಪಾನ್ ಮಸಾಲ, ಇನ್ನೊಂದು ಜರ್ದಾ. 2013ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದಾಗ ಕಂಪನಿಗಳು ಒಂದು ಚೀಟಿಯನ್ನು ಎರಡು ಮಾಡಿದವು. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಂತು, ಅಷ್ಟೆ.

“ಬಿಡ್ರಪ್ಪಾ ಅದನ್ನ” ಎಂದರೆ ಸಿಗುವ ಉತ್ತರ ಎಲ್ಲ ಕಡೆ ಒಂದೇ: “ಒಮ್ಮೆಗೇ ಆಗಲ್ರೀ, ಕಮ್ಮಿ ಮಾಡ್ಕೊಂತ ಬಂದೀನಿ.” ನಿನ್ನೆ ಎಷ್ಟಿತ್ತು, ಇವತ್ತು ಎಷ್ಟು, ಕೊನೆಯದು ಯಾವ ದಿನ ಎಂದು ಕೇಳಿನೋಡಿ. ಲೆಕ್ಕವೇ ಇರುವುದಿಲ್ಲ. ಹಗಲು ಉಳಿಸಿದ್ದು ಸಂಜೆ ಬಾಯಿಗೆ ಬಿದ್ದಿರುತ್ತದೆ. ಇದಕ್ಕೆ ಮಿತವೆಂಬ ಹೆಸರು ಕೊಡಲು ನಾವು ಸಿದ್ಧರಿಲ್ಲ.

ಕೆಲವರು ಧರ್ಮವನ್ನೂ ಎಳೆದು ತರುತ್ತಾರೆ. ಕುರ್‌ಆನ್ ಮದ್ಯವನ್ನು ಹಂತ ಹಂತವಾಗಿ ನಿಷೇಧಿಸಲಿಲ್ಲವೇ ಎಂದು! ನಿಜ. ಆದರೆ ಕೊನೆಯ ಆಜ್ಞೆ ಬಂದ ದಿನ ಮದೀನಾದ ಬೀದಿಗಳಲ್ಲಿ ಮದ್ಯ ಚೆಲ್ಲಿ ಹರಿಯಿತೆಂಬುದನ್ನು ಇವರು ಯಾಕೆ ಮರೆಯುತ್ತಾರೆ? ಆ ಹಂತಗಳಿಗೆ ಒಂದು ಕೊನೆಯಿತ್ತು.

2016ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದು 697 ಧೂಮಪಾನಿಗಳನ್ನು ಎರಡು ಗುಂಪು ಮಾಡಿತು. ಎರಡಕ್ಕೂ ಬಿಡುವ ದಿನ ಗೊತ್ತುಮಾಡಿತ್ತು. ಒಂದು ಗುಂಪು ಅದಕ್ಕೆ ಮುಂಚಿನ ಎರಡು ವಾರ ಕಡಿಮೆ ಮಾಡುತ್ತ ಬಂತು, ಇನ್ನೊಂದು ಆ ದಿನ ಒಮ್ಮೆಗೇ ಬಿಟ್ಟಿತು. ನಾಲ್ಕು ವಾರಗಳ ಬಳಿಕ ಒಮ್ಮೆಗೇ ಬಿಟ್ಟವರಲ್ಲಿ ಶೇ. 49, ನಿಧಾನವಾಗಿ ಬಿಟ್ಟವರಲ್ಲಿ ಶೇ. 39 ಮಂದಿ ದೂರವಿದ್ದರು. ಅಂದರೆ ನಿಧಾನದ ದಾರಿಯೂ ಅನೇಕರನ್ನು ದಾಟಿಸಿತು, ತಾರೀಖು ಇದ್ದುದರಿಂದ.

ಕುಡಿತದ ಮಾತು ಬೇರೆ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ಏಕಾಏಕಿ ನಿಲ್ಲಿಸಿದರೆ ಕೈಕಾಲು ನಡುಗಿ, ಫಿಟ್ಸ್ ಬಂದು, ಭ್ರಮೆ ಹಿಡಿದು ಜೀವಕ್ಕೇ ಅಪಾಯವಾಗಬಹುದು. ಅಂಥವನನ್ನು ಕೋಣೆಯಲ್ಲಿ ಕೂಡಿಹಾಕಿ ಆಣೆ ಮಾಡಿಸುವ ಹಿರಿಯರು ದಯವಿಟ್ಟು ವೈದ್ಯರ ಬಳಿ ಕರೆದೊಯ್ಯಲಿ. 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿದ ಸರಕಾರವೂ ಈ ನಿಷ್ಠುರವನ್ನು ಕೇಳಬೇಕು: ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂತು, ಬೊಕ್ಕಸ ತುಂಬಿತು, ಬಿಡಬೇಕೆಂದವನ ಕೈಹಿಡಿಯುವವರು ಹಳ್ಳಿಗೆ ಬಂದರೇ?

ಬೇರೆ ಜಿಲ್ಲೆಯವರಾದರೆ ದಾರಿ ಗೊತ್ತಿರಲಿಲ್ಲ ಎನ್ನಬಹುದಿತ್ತು. 1980ರ ದಶಕದಲ್ಲಿ ನಿಮ್ಹಾನ್ಸ್ ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ದು ನೋಡಿದ್ದು ಇದೇ ಬಳ್ಳಾರಿಯಲ್ಲಿ. ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ದೇಶಕ್ಕೆ ಮಾದರಿ ಕೊಟ್ಟ ಜಿಲ್ಲೆಯಲ್ಲಿ, ಹೊಲದಿಂದ ಬಂದ ಕೂಲಿಕಾರ ತಂಬಾಕು ಬಿಡಬೇಕೆಂದರೆ ತಾರೀಖು ಬರೆದುಕೊಟ್ಟು, ವಾರಕ್ಕೊಮ್ಮೆ ಕರೆದು ಕೇಳುವ ಒಬ್ಬರು ಹೋಬಳಿಯ ಆರೋಗ್ಯ ಕೇಂದ್ರದಲ್ಲಿ ಬೇಕೆಂದು ನಾವು ಕೇಳುತ್ತಿದ್ದೇವೆ. ಅಲ್ಲಿಯವರೆಗೆ 1800-11-2356ಕ್ಕೆ ಕರೆ ಮಾಡಿ; ತಂಬಾಕು ಬಿಡಿಸುವ ಸರಕಾರದ ಸಹಾಯವಾಣಿ, ದುಡ್ಡಿಲ್ಲ.