ಗಣಕಯಂತ್ರದ ಲೇಖನಿ

ಉಪಕರಣವು ಕಾಯಕಕ್ಕೆ ತಕ್ಕುದಾಗಿರಬೇಕು. ಉಪಕರಣದ ಹಮ್ಮು ಕಾಯಕವನ್ನು ಮರೆಸಬಾರದು. ಬಡಗಿಗೆ ಉಳಿ, ನೇಕಾರನಿಗೆ ಲಾಳಿ ಹೇಗೋ ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವನಿಗೆ ಎಡಿಟರ್ ಹಾಗೆ. ಅದರಲ್ಲಿ ಎರಡು ಬಗೆಗಳುಂಟು: ಟರ್ಮಿನಲ್ಲಿನ ಪರದೆಯಲ್ಲಿ ಕೀಲಿಮಣೆಯೊಂದರಿಂದಲೇ ನಡೆಯುವುದು ಒಂದು, ಕಿಟಕಿ, ಪಟ್ಟಿ, ಮೌಸುಗಳ ನೆರವಿನಿಂದ ನಡೆಯುವುದು ಇನ್ನೊಂದು. ವಿದ್ಯಾರ್ಥಿಯ ಕೈಗೆ ಮೊದಲು ಯಾವುದನ್ನು ಕೊಡಬೇಕು?

ಸಿಂಗಾಪುರದಂಥ ಊರಿಗೆ ಈ ಪ್ರಶ್ನೆ ದೂರದ್ದಲ್ಲ. ನೆರೆಯ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಗೊಂಡ ಭಾರತ್ ಎಲೆಕ್ಟ್ರಾನಿಕ್ಸ್ ಹಿಂದಿನ ತಲೆಮಾರಿನ ಅನೇಕರಿಗೆ ಅನ್ನದ ದಾರಿಯಾಯಿತು. ಇಂದಿನ ಮಕ್ಕಳ ದೃಷ್ಟಿ ಸಾಫ್ಟ್‌ವೇರ್ ವೃತ್ತಿಯತ್ತ ಹರಿದಿದೆ.

ಟರ್ಮಿನಲ್ ಎಡಿಟರುಗಳ ಪೈಕಿ ಪ್ರಸಿದ್ಧವಾದ ‘ವಿಐ’ಯನ್ನು ಅಮೆರಿಕದ ಬರ್ಕ್‌ಲಿಯಲ್ಲಿ ಬಿಲ್ ಜಾಯ್ 1976ರಲ್ಲಿ ರಚಿಸಿದರು. ದೂರವಾಣಿ ತಂತಿಯ ಮೂಲಕ ಅಕ್ಷರಗಳು ಮೆಲ್ಲನೆ ಸಾಗುತ್ತಿದ್ದ ಕಾಲವದು. ಆದುದರಿಂದಲೇ ಅದರ ಆಜ್ಞೆಗಳು ಒಂದೆರಡು ಅಕ್ಷರಗಳಷ್ಟೇ. ಆ ಮಿತವ್ಯಯ ಇಂದಿಗೂ ಉಪಯುಕ್ತ. ದೂರದ ಸರ್ವರಿನಲ್ಲಿ ದೋಷ ತಿದ್ದಬೇಕಾದಾಗ ಹಲವು ವೇಳೆ ದೊರೆಯುವ ಬಾಗಿಲು ಟರ್ಮಿನಲ್ ಒಂದೇ. ಹಳೆಯ, ಅಲ್ಪಶಕ್ತಿಯ ಯಂತ್ರದಲ್ಲಿಯೂ ಅದು ತಡವರಿಸದು. ಆದರೆ ಹೊಸಬನಿಗೆ ಅದು ಕಠಿಣ. ಒಳಹೊಕ್ಕವನಿಗೆ ಹೊರಬರುವ ದಾರಿಯೇ ತೋಚದು. 2015ರಲ್ಲಿ ಮೈಕ್ರೋಸಾಫ್ಟ್ ಹೊರತಂದ ‘ವಿಷುಯಲ್ ಸ್ಟುಡಿಯೋ ಕೋಡ್’ನಂಥ ಚಿತ್ರಾತ್ಮಕ ಎಡಿಟರುಗಳು ಹೆಚ್ಚು ಮೆಮೊರಿಯನ್ನು ಬೇಡುತ್ತವೆಯಾದರೂ ತಪ್ಪನ್ನು ಬರೆಯುವಾಗಲೇ ಎತ್ತಿ ತೋರಿಸುತ್ತವೆ.

ಕನ್ನಡಿಗರು ಗಮನಿಸಬೇಕಾದ ಅಂಶ ಮತ್ತೊಂದಿದೆ. ಟರ್ಮಿನಲ್ಲಿನ ಪರದೆಯು ಸಮಾನ ಮನೆಗಳ ಜಾಲ. ಮನೆಗೊಂದು ಅಕ್ಷರವೆಂಬುದು ಅದರ ನಿಯಮ. ಇಂಗ್ಲಿಷಿಗೆ ಇದು ಒಗ್ಗುತ್ತದೆ. ಕನ್ನಡದ ‘ಸ್ತ್ರೀ’ ಎಂಬ ಒಂದೇ ಅಕ್ಷರ ಯೂನಿಕೋಡ್‌ನಲ್ಲಿ 6 ಸಂಕೇತಗಳಿಂದ ಕೂಡಿದ್ದು. ಅನೇಕ ಟರ್ಮಿನಲ್ಲುಗಳಲ್ಲಿ ಇಂಥ ಒತ್ತಕ್ಷರಗಳು ಚೆದರಿ, ಒಂದರ ಮೇಲೊಂದು ಬಿದ್ದು, ಓದಲು ಬಾರದಂತಾಗುತ್ತವೆ. ಚಿತ್ರಾತ್ಮಕ ಎಡಿಟರಿನಲ್ಲಿ ಅವು ಸಾಮಾನ್ಯವಾಗಿ ಸರಿಯಾಗಿ ಮೂಡುತ್ತವೆ. ಕನ್ನಡ ಮಾಧ್ಯಮದ ಬಾಲಕಿಯೊಬ್ಬಳು ತನ್ನ ಪ್ರೋಗ್ರಾಂನ ಪ್ರತಿ ಸಾಲಿನ ಪಕ್ಕದಲ್ಲಿ ಅದರ ಅರ್ಥವನ್ನು ಕನ್ನಡದಲ್ಲೇ ಬರೆದಿಟ್ಟುಕೊಳ್ಳಲು ಸಾಧ್ಯವಾದರೆ ಅವಳ ಕಲಿಕೆ ಕಂಠಪಾಠವಾಗದೆ ತಿಳಿವಾಗುತ್ತದೆ. ತನ್ನ ನುಡಿ ಒಡೆದು ಕಾಣುವ ಪರದೆಯಲ್ಲಿ ಮೊದಲ ಪಾಠ ಕಲಿತ ಮಗು, ಈ ವಿದ್ಯೆಗೆ ಕನ್ನಡ ಸಲ್ಲದೆಂಬ ಇನ್ನೊಂದು ಪಾಠವನ್ನೂ ಅರಿಯದೆಯೇ ಕಲಿಯುತ್ತದೆ. ಈ ನಷ್ಟ ಸಣ್ಣದಲ್ಲ.

ಆದುದರಿಂದ ಶಾಲೆಯಲ್ಲಿ ಆರಂಭ ಚಿತ್ರಾತ್ಮಕ ಎಡಿಟರಿನಿಂದಾಗುವುದು ಯುಕ್ತ. ಆದರೆ ಅಲ್ಲಿಗೇ ನಿಲ್ಲುವುದು ಯುಕ್ತವಲ್ಲ. ಕಡತ ತೆರೆಯುವುದು, ತಿದ್ದುವುದು, ಉಳಿಸುವುದು, ಹೊರಬರುವುದು – ಟರ್ಮಿನಲ್ಲಿನಲ್ಲಿ ಇಷ್ಟನ್ನಾದರೂ ಅರಿಯದೆ ವಿದ್ಯಾರ್ಥಿ ಶಾಲೆಯನ್ನು ಬಿಡಬಾರದು. ಟರ್ಮಿನಲ್ ಬಲ್ಲವನೇ ನಿಜವಾದ ತಜ್ಞನೆಂದು ಬೀಗುವವರೂ ಉಂಟು. ಮೌಸ್ ಹಿಡಿದವನನ್ನು ಹಗುರವಾಗಿ ಕಾಣುವುದು ವಿದ್ಯೆಯ ಲಕ್ಷಣವಲ್ಲ.

ವಿಐ ಪರಂಪರೆಯ ‘ವಿಮ್’ ಎಂಬ ಎಡಿಟರನ್ನು ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ 1991ರಲ್ಲಿ ಲೋಕಕ್ಕೆ ನೀಡಿದರು. ಅದಕ್ಕೆ ಬೆಲೆ ಕಟ್ಟದೆ, ಬಳಸಿದವರು ಉಗಾಂಡದ ಕಿಬಾಲೆಯ ಬಡ ಮಕ್ಕಳಿಗೆ ನೆರವಾಗಬೇಕೆಂದು ಬೇಡಿದರು. 2023ರಲ್ಲಿ ನಿಧನರಾಗುವವರೆಗೂ ಅದನ್ನು ತಿದ್ದಿ ಬೆಳೆಸಿದರು. ಕಾಯಕದ ಫಲವನ್ನು ದಾಸೋಹಕ್ಕೆ ಸಲ್ಲಿಸುವ ಈ ರೀತಿ ಶರಣರ ನಾಡಿಗೆ ಅಪರಿಚಿತವಲ್ಲ. ಯಾವ ಎಡಿಟರನ್ನು ಆರಿಸಿದರೂ ಮಕ್ಕಳು ಈ ನಡತೆಯನ್ನು ಅದರೊಡನೆ ಕಲಿಯಲಿ.