ನೆಲದ ಅದುರು, ಒಪ್ಪಂದದ ರುಜು

ಸಂಡೂರಿನ ಗಣಿಗಳಲ್ಲಿ ಕುಳಿ ಕೊರೆದು ಮದ್ದು ಸಿಡಿಸುವುದನ್ನು ವಡ್ಡು, ತೋರಣಗಲ್ಲಿನ ಕಡೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಸದ್ದು ಗಾಳಿಯಲ್ಲಿ ಕರಗುತ್ತದೆ, ಅದುರು ನೆಲದೊಳಗೆ ಹರಿಯುತ್ತದೆ. ಒಂದು ದೇಶ ಗುಟ್ಟಾಗಿ ಅಣುಬಾಂಬು ಪರೀಕ್ಷಿಸಿದರೂ ಈ ಅದುರೇ ಅದನ್ನು ಹಿಡಿದುಕೊಡುತ್ತದೆ. ಭೂಕಂಪದಲ್ಲಿ ಬಂಡೆಗಳು ಜಾರುತ್ತವೆ; ಸ್ಫೋಟವೋ ಸುತ್ತಲ ಬಂಡೆಯನ್ನು ಎಲ್ಲ ದಿಕ್ಕಿಗೂ ಒಮ್ಮೆಗೇ ತಳ್ಳುತ್ತದೆ. ಗಣಿಯ ಕುಳಿಗಳು ಕ್ಷಣದ ಅಂತರದಲ್ಲಿ ಒಂದರ ಹಿಂದೊಂದು ಸಿಡಿಯುವುದರಿಂದ ಅವುಗಳ ಗೆರೆ ಇನ್ನೂ ಬೇರೆ. ಈ ಗೆರೆಗಳನ್ನು ಓದುವ ಭಾಭಾ ಅಣು ಸಂಶೋಧನಾ ಕೇಂದ್ರದ ಠಾಣೆಯೊಂದು ನಮ್ಮ ಗೌರಿಬಿದನೂರಿನಲ್ಲಿ 1965ರಿಂದ ನೆಲಕ್ಕೆ ಕಿವಿಗೊಟ್ಟು ಕೂತಿದೆ. 1998ರ ಮೇ 28ರಂದು ಪಾಕಿಸ್ತಾನದ ಚಾಗೈ ಬೆಟ್ಟ ನಡುಗಿದ್ದು ಅಲ್ಲಿ ದಾಖಲಾಯಿತು.

ಮರುವರ್ಷ ಅಕ್ಟೋಬರ್ 13ರಂದು ಅಮೆರಿಕದ ಸೆನೆಟ್ ಸಮಗ್ರ ಅಣುಪರೀಕ್ಷಾ ನಿಷೇಧ ಒಪ್ಪಂದವನ್ನು ತಿರಸ್ಕರಿಸಿತು. ಪರ 48, ವಿರೋಧ 51. ಬೇಕಿದ್ದದ್ದು ಮೂರನೇ ಎರಡರಷ್ಟು. ಸಣ್ಣ ಸ್ಫೋಟವನ್ನು ಮುಚ್ಚಿಟ್ಟರೆ ಪತ್ತೆ ಹೇಗೆ ಎಂಬುದು ವಿರೋಧಿಗಳ ದೊಡ್ಡ ಪ್ರಶ್ನೆಗಳಲ್ಲಿ ಒಂದು. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಆದರೆ ಪ್ರತಿಯೊಬ್ಬ ಸೆನೆಟರೂ ಎದ್ದು ತನ್ನ ನಿಲುವನ್ನು ಹೆಸರಿನೊಂದಿಗೆ ದಾಖಲಿಸಬೇಕಾಯಿತಲ್ಲ, ಅದರ ಬಗ್ಗೆ ನನಗೆ ಗೌರವವಿದೆ.

ಅದೇ ತಿಂಗಳ ಮೊದಲ ವಾರ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಸುಷ್ಮಾ ಸ್ವರಾಜ್ ಅವರನ್ನು ಸೋಲಿಸಿದ್ದರು. ಆ ಚುನಾವಣೆಯಲ್ಲಿ ಯಾರೇ ಗೆದ್ದಿದ್ದರೂ ಬಳ್ಳಾರಿಯ ಸಂಸದರು ಈ ಒಪ್ಪಂದದ ಮೇಲೆ ಮತ ಹಾಕಲೇಬೇಕಾದ ಪ್ರಸಂಗ ಬರುತ್ತಿರಲಿಲ್ಲ. ಒಪ್ಪಂದಕ್ಕೆ ರುಜು ಹಾಕುವುದಾಗಲಿ, ಅದನ್ನು ಸ್ಥಿರೀಕರಿಸುವುದಾಗಲಿ ನಮ್ಮಲ್ಲಿ ಕೇಂದ್ರ ಸಂಪುಟದ ಕೆಲಸ. ಸಂಸತ್ತಿನ ಒಪ್ಪಿಗೆ ಕಡ್ಡಾಯವಲ್ಲ.

1996ರಲ್ಲಿ ಭಾರತ ಇದೇ ಒಪ್ಪಂದವನ್ನು ಬೇಡವೆಂದಾಗ ಪ್ರಧಾನಿಯಾಗಿದ್ದವರು ಎಚ್.ಡಿ. ದೇವೇಗೌಡರು, ಜಿನೀವಾದಲ್ಲಿ ನಮ್ಮ ಮಾತನ್ನು ಗಟ್ಟಿಯಾಗಿ ಆಡಿದವರು ಅರುಂಧತಿ ಘೋಷ್. ಸೆಪ್ಟೆಂಬರ್ 10ರಂದು ವಿಶ್ವಸಂಸ್ಥೆಯಲ್ಲಿ 158 ದೇಶಗಳು ಒಪ್ಪಂದದ ಪರ ನಿಂತರೆ, ಎದುರು ನಿಂತದ್ದು ಭಾರತ, ಭೂತಾನ್, ಲಿಬಿಯಾ ಮೂರೇ. ಐದು ದೇಶಗಳು ತಮ್ಮ ಬಾಂಬುಗಳನ್ನು ಇಟ್ಟುಕೊಂಡು, ನಾಶಮಾಡಲು ಗಡುವನ್ನೂ ಒಪ್ಪದೆ, ಉಳಿದವರ ಪರೀಕ್ಷೆ ನಿಲ್ಲಿಸಹೊರಟಿದ್ದವು. ಅಂದಿನ ‘ಇಲ್ಲ’ ಸರಿಯಾಗಿತ್ತು ಎಂದೇ ನಾನು ನಂಬಿದ್ದೇನೆ.

ಈಗ ಮಾತ್ರ ಆ ಉತ್ತರ ಸಾಲದು. 1998ರ ಪೋಖ್ರಾನ್ ನಂತರ ನಾವಾಗಿಯೇ ಪರೀಕ್ಷೆ ನಿಲ್ಲಿಸಿದ್ದೇವೆ. ಆ ಮಾತಿಗೆ ಶಾಸನದ ಬಲವಿಲ್ಲ. ರಷ್ಯಾ 2023ರಲ್ಲಿ ತನ್ನ ಸ್ಥಿರೀಕರಣವನ್ನೇ ಹಿಂತೆಗೆದುಕೊಂಡಿದೆ. ಇಂಥ ಒಪ್ಪಂದಗಳು ಲೋಕಸಭೆಯ ಮತಕ್ಕೆ ಬರಬೇಕು. ಅದಕ್ಕೆ ಮೊದಲು ಸ್ಥಾಯಿ ಸಮಿತಿಯು ಗೌರಿಬಿದನೂರಿನ ವಿಜ್ಞಾನಿಗಳನ್ನು ಕರೆಸಿ, ಎಷ್ಟು ಸಣ್ಣ ಸಿಡಿತವನ್ನು ನೀವು ಗುರುತಿಸಬಲ್ಲಿರಿ ಎಂದು ಕೇಳಲಿ, ಆ ಉತ್ತರ ಕನ್ನಡದಲ್ಲೂ ಅಚ್ಚಾಗಲಿ. ಸಂಡೂರು ಸೀಮೆಯ ಜನ ಅದನ್ನು ಓದಿ ತೂಗಿ ನೋಡಬಲ್ಲರು.